ಚಿತ್ರದಲ್ಲಿ ಸಿಗದ ಮಾತು

ಅಕ್ಕಲಕೋಟೆಯಲ್ಲಿ ನಮ್ಮದು ಕಾಳುಕಡಿ ವ್ಯಾಪಾರ. ಚಿತ್ರ ತೆಗೆಯುವುದು ನನ್ನ ಹವ್ಯಾಸ. 1990ರ ದಶಕದಲ್ಲಿ ಒಂದು ರೋಲಿಗೆ 36 ಚಿತ್ರ. ತೊಳೆಸಿ ಪ್ರಿಂಟ್ ಹಾಕಿಸುವ ಖರ್ಚು ನೆನೆದೇ ಗುಂಡಿ ಒತ್ತಬೇಕಿತ್ತು. ಬಿಳಿಜೋಳದ ರಾಶಿ, ಎತ್ತು, ಕೂರಿಗೆ ಹಿಡಿದ ಹಿರಿಯರು ಹೀಗೆ ಆಲ್ಬಮ್ ಸೇರಿದರು.

ವರ್ಷ ಕಳೆದಂತೆ ಬಣ್ಣ ಮಾಸಿತು. ಆಗ ಕಂಪ್ಯೂಟರ್ ಕಲಿತೆ. ಫೋಟೊ ಸ್ಕ್ಯಾನ್ ಮಾಡಿ, ‘ಕ್ರಿತಾ’ ಎಂಬ ಉಚಿತ ತಂತ್ರಾಂಶದಲ್ಲಿ ಅದರ ಮೇಲೆ ಬೇರೆ ಪದರ ಹಾಕಿ ಬಣ್ಣ ತುಂಬಿದೆ. ಕೆಳಗಿನ ಮೂಲ ಚಿತ್ರಕ್ಕೆ ಧಕ್ಕೆಯಿಲ್ಲ. ಬಣ್ಣ ಕೆಟ್ಟರೆ ಮೇಲಿನ ಪದರವಷ್ಟೇ ಅಳಿಸಿದರಾಯಿತು.

ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಅದನ್ನು ನೋಡಿ, ‘ಇದು ತಿಫಣ ಅಲ್ಲೇನಜ್ಜಾ?’ ಎಂದ. ಅಂಗಡಿಗೆ ಬಂದಿದ್ದ ಹಿರಿಯ ರೈತರೊಬ್ಬರು, ‘ತಿಫಣ ಖರೇ ಐತಿ ತಮ್ಮಾ, ನಾವು ಕೂರಿಗಿ ಅಂತೀವಿ. ಕುಳವಕ್ಕ ಕುಂಟಿ’ ಎಂದರು. ಚಿತ್ರ ಎಷ್ಟು ಚಂದವಿದ್ದರೇನು, ಈ ಮಾತು ಅದರಲ್ಲಿ ಸಿಗದು.

ಅಂದಿನಿಂದ ಮೊಬೈಲ್‌ನಲ್ಲಿ ವಿಡಿಯೋ ಹಿಡಿಯುತ್ತಿದ್ದೇನೆ. ಹೊಲದ ಗಾಳಿ ಮಾತನ್ನು ನುಂಗುತ್ತದೆ; ಅಂಗಿಗೆ ಸಿಕ್ಕಿಸುವ ಮೈಕ್ ಇದ್ದರೆ ಚಲೋ. ಪ್ರತಿಯೊಂದನ್ನೂ ಎರಡು ಕಡೆ ನಕಲು ಮಾಡಿ ಇಡಬೇಕು.

ನಿಮ್ಮ ಮನೆಯ ಹಿರಿಯರ ಬಾಯಲ್ಲೂ ಇಂಥ ಹೆಸರುಗಳು ಉಳಿದಿರಬಹುದು. ಸುಗ್ಗಿ ಮುಗಿಯಲಿ ಎಂದು ಮುಂದೂಡಬೇಡಿ. ಇವತ್ತೇ ಹತ್ತು ನಿಮಿಷ ಎದುರಿಗೆ ಕೂತು, ಫೋನ್ ಚಾಲೂ ಮಾಡಿ ಮಾತಾಡಿಸ್ರಿ.