ಸಾಮಾಜಿಕ ಜಾಲತಾಣಗಳ ಮೂಲಕ ಉದ್ಯೋಗಾನ್ವೇಷಣೆ: ಅಭ್ಯರ್ಥಿಗಳ ಗಮನಕ್ಕೆ

ಲಿಂಕ್ಡ್‌ಇನ್, ಫೇಸ್‌ಬುಕ್ ಮುಂತಾದ ಸಾಮಾಜಿಕ ಜಾಲತಾಣಗಳ ಮೂಲಕ ಉದ್ಯೋಗದಾತರು ಅಭ್ಯರ್ಥಿಗಳನ್ನು ಗುರುತಿಸುವುದು ಈಗ ವಾಡಿಕೆಯಾಗಿದೆ. ಅಭ್ಯರ್ಥಿಗಳು ತಮ್ಮ ವಿದ್ಯಾರ್ಹತೆ, ಅನುಭವಗಳನ್ನು ಯಥಾವತ್ತಾಗಿ ನಮೂದಿಸತಕ್ಕದ್ದು. ಆಧಾರ್ ಸಂಖ್ಯೆ, ಬ್ಯಾಂಕ್ ವಿವರಗಳನ್ನು ಪ್ರಕಟಿಸಬಾರದು.

ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ಬರುವ ನೇಮಕಾತಿ ಸಂದೇಶಗಳನ್ನು ಸಂಬಂಧಿಸಿದ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಪರಿಶೀಲಿಸಿದ ನಂತರವೇ ಅರ್ಜಿ ಸಲ್ಲಿಸತಕ್ಕದ್ದು. ಸಂದರ್ಶನ, ತರಬೇತಿ ಅಥವಾ ಠೇವಣಿಯ ಹೆಸರಿನಲ್ಲಿ ವ್ಯಕ್ತಿಗತ ಖಾತೆಗೆ ಮುಂಗಡ ಹಣ ಕೇಳಿದಲ್ಲಿ ವಂಚನೆಯೆಂದು ಶಂಕಿಸತಕ್ಕದ್ದು. ಮೊದಲು ಅಲ್ಪ ಸಂಭಾವನೆ ನೀಡಿ ನಂಬಿಕೆ ಗಳಿಸಿ, ಬಳಿಕ ದೊಡ್ಡ ಮೊತ್ತ ಹೂಡುವಂತೆ ಒತ್ತಾಯಿಸುವುದೂ ಇದೇ ಬಗೆಯ ವಂಚನೆಯಾಗಿರುತ್ತದೆ.

ಹಣ ಕಳೆದುಕೊಂಡಲ್ಲಿ ಸಂಕೋಚಪಡದೆ, ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡುವುದು. ಶೀಘ್ರವಾಗಿ ತಿಳಿಸಿದಷ್ಟೂ, ವಂಚಕರು ಹಣ ಹಿಂಪಡೆಯುವ ಮುನ್ನವೇ ಅದನ್ನು ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸಂದೇಶಗಳನ್ನೂ ಪಾವತಿಯ ವಿವರಗಳನ್ನೂ ಸಾಕ್ಷ್ಯಕ್ಕಾಗಿ ಅಳಿಸದೆ ಕಾಯ್ದಿರಿಸತಕ್ಕದ್ದು.