ತುರಿಕೆಗೊಂದು ಟ್ಯೂಬು: ಯಾವ ರೋಗಕ್ಕೆ ಯಾವ ಮದ್ದು?

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ತೊಡೆಸಂದಿ, ಸೊಂಟಗಳಲ್ಲಿ ಗಜಕರ್ಣ ಕಾಣಿಸಿಕೊಳ್ಳುವುದು ಸಾಮಾನ್ಯ. ಒಣಗದ ಬಟ್ಟೆ, ಬೆವರು, ತೋಟದ ಕೆಲಸ ಎಲ್ಲವೂ ಶಿಲೀಂಧ್ರಕ್ಕೆ ಅನುಕೂಲವೇ. ವೈದ್ಯರಿಗೆ ತೋರಿಸಲು ಸಂಕೋಚ. ಔಷಧದಂಗಡಿಯಲ್ಲಿ ಮಲೆಯಾಳದಲ್ಲಿ 'ಚೊರಿ' ಎಂದು ಹೇಳಿ ಒಂದು ಟ್ಯೂಬು ತಂದು ಹಚ್ಚುತ್ತೇವೆ. ಗಜಕರ್ಣ, ಕಜ್ಜಿ, ಇಸಬು ಮೂರೂ ಆ ಒಂದು ಮಾತಿನಲ್ಲಿ ಅಡಗಿಬಿಡುತ್ತವೆ. ಆದರೆ ಮೂರರ ಮದ್ದೂ ಬೇರೆ ಬೇರೆ.

ಗಜಕರ್ಣಕ್ಕೆ ಬೇಕಾದುದು ಕ್ಲೋಟ್ರಿಮಝೋಲ್, ಟರ್ಬಿನಫಿನ್‌ಗಳಂತಹ ಶಿಲೀಂಧ್ರನಾಶಕ. ಕಲೆಯ ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಹೊರಗಿನವರೆಗೂ ಹಚ್ಚಬೇಕು. ತುರಿಕೆ ನಿಂತಿತೆಂದು ಮದ್ದು ನಿಲ್ಲಿಸದೆ, ವೈದ್ಯರು ಹೇಳಿದಷ್ಟು ವಾರ ಮುಂದುವರಿಸಬೇಕು. ರೋಗ ಹರಡಿದ್ದರೆ ಇಟ್ರಕೊನಝೋಲಿನಂತಹ ಗುಳಿಗೆ ಕೊಡುತ್ತಾರೆ. ಹೃದಯ ಇಲ್ಲವೆ ಯಕೃತ್ತಿನ ತೊಂದರೆಯಿದ್ದವರು ಅದನ್ನು ಮೊದಲೇ ತಿಳಿಸಬೇಕು.

ಕಜ್ಜಿಗೆ ಕಾರಣ ಚರ್ಮ ಕೊರೆಯುವ ಸಣ್ಣ ನುಸಿ. ಇದಕ್ಕೆ ಶೇಕಡಾ 5ರ ಪರ್ಮೆತ್ರಿನ್ ಮದ್ದು. ದೊಡ್ಡವರು ಕುತ್ತಿಗೆಯಿಂದ ಪಾದದವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುತ್ತಾರೆ. ವಾರ ಕಳೆದು ಇನ್ನೊಮ್ಮೆ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ದಿನ ಹಚ್ಚದಿದ್ದರೆ ಕಜ್ಜಿ ಮತ್ತೆ ಸುತ್ತುತ್ತದೆ.

ಇಸಬಿಗೆ ಸ್ಟೀರಾಯ್ಡ್ ಮುಲಾಮು ತಕ್ಕ ಔಷಧವೇ. ಹೈಡ್ರೊಕಾರ್ಟಿಸೋನ್ ಸೌಮ್ಯ, ಕ್ಲೋಬೆಟಸಾಲ್ ಅತ್ಯಂತ ಪ್ರಬಲ.

ಅನರ್ಥವಾಗುವುದು ಈ ಸ್ಟೀರಾಯ್ಡನ್ನು ಗಜಕರ್ಣಕ್ಕೆ ಹಚ್ಚಿದಾಗ. ಕೆಲವೇ ದಿನಗಳಲ್ಲಿ ಕೆಂಪು, ತುರಿಕೆ ಎರಡೂ ತಗ್ಗುತ್ತವೆ. 'ಒಳ್ಳೆಯ ಮದ್ದು' ಎಂದು ನೆರೆಮನೆಗೂ ಹೇಳುತ್ತೇವೆ. ಒಳಗೆ ಶಿಲೀಂಧ್ರ ಮಾತ್ರ ಬೆಳೆಯುತ್ತಿರುತ್ತದೆ. ನಿಲ್ಲಿಸಿದೊಡನೆ ಇನ್ನಷ್ಟು ಅಗಲವಾಗಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ತೊಡೆಯಲ್ಲಿ ಮಾಯದ ಬರೆಗಳು ಬೀಳುತ್ತವೆ. ಮಕ್ಕಳ ಎಳೆಯ ಚರ್ಮಕ್ಕಂತೂ ಅಪಾಯ ಹೆಚ್ಚು. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಜೀವಿರೋಧಕ ಮೂರನ್ನೂ ಬೆರೆಸಿದ ಟ್ಯೂಬುಗಳಲ್ಲೂ ಇದೇ ತೊಂದರೆ.

ಕೇಂದ್ರ ಸರಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಮಾಡಿತು. ನಿಯಮವಿದ್ದರೂ ಎಚ್ಚರ ನಮ್ಮದೇ. ಟ್ಯೂಬಿನ ಮೇಲೆ ಕನ್ನಡವಿಲ್ಲ, ಹೆಸರುಗಳೂ ಗೊಂದಲದವು: ಕ್ಲೋಟ್ರಿಮಝೋಲ್ ಶಿಲೀಂಧ್ರವನ್ನು ತಡೆಯುವುದು, ಕ್ಲೋಬೆಟಸಾಲ್ ಅದಕ್ಕೆ ನೆರವಾಗುವುದು. ಆದುದರಿಂದ ಮನೆಯ ಕಾಲೇಜು ಮಕ್ಕಳಿಂದ ಹೆಸರು ಓದಿಸಿಕೊಳ್ಳಿರಿ. ವೈದ್ಯರಲ್ಲಿಗೆ ಹೋಗುವಾಗ ಈವರೆಗೆ ಹಚ್ಚಿದ ಹಳೆಯ ಟ್ಯೂಬುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಭಾಷೆ ತೊಡಕಾದರೂ ಆ ಟ್ಯೂಬುಗಳಿಂದ ವೈದ್ಯರಿಗೆ ವಿಷಯ ತಿಳಿದೀತು.