ತಾಳದ ಮನೆಗೆ ಬಂದ ಸ್ಯಾಕ್ಸೊಫೋನ್

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಲ್ಲುವುದು ಕರೆಂಟು ಹೋದಾಗ. ಅಂಥದೊಂದು ಮಧ್ಯಾಹ್ನ ನಾನು ‘ಜ್ಯೋತಿ’ ಆಲ್ಬಂ ಕೇಳಿದೆ. ಆರ್.ಎ. ರಮಾಮಣಿಯವರ ದನಿ ಏಳುತ್ತಲೇ ಕೈಯಲ್ಲಿದ್ದ ಕೆಲಸ ಅಲ್ಲೇ ನಿಂತಿತು.

ಜರ್ಮನಿಯ ಇಸಿಎಂ ಕಂಪನಿ ಇದನ್ನು ಹೊರತಂದದ್ದು 1983ರಲ್ಲಿ. ಮುಖಪುಟದಲ್ಲಿ ಮೊದಲ ಹೆಸರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರದು. ರಚನೆಗಳು ಮಾತ್ರ ಬೆಂಗಳೂರಿನ ರಮಾಮಣಿಯವರವು. ಇದನ್ನು ಒತ್ತಿ ಹೇಳಬೇಕು. ಫ್ಯೂಷನ್ ಎಂದರೆ ಹೊರಗಿನವರು ಕಟ್ಟಿದ ಹಾಡಿಗೆ ನಮ್ಮವರು ಮೃದಂಗ ಬಾರಿಸಿ ಬರುವುದು ಎಂದುಕೊಂಡವರು ಬಹಳ. ಇಲ್ಲಿ ಮನೆ ನಮ್ಮದು, ನೆಂಟರು ಅವರು.

ಆ ಮನೆ 1964ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ರಮಾಮಣಿಯವರ ಪತಿ, ಮೃದಂಗದ ಟಿ.ಎ.ಎಸ್. ಮಣಿ ಅದನ್ನು ನಡೆಸಿದರು. ಘಟ, ಮೋರ್ಸಿಂಗಿಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ‘ಎಂಬ್ರಿಯೊ’ ಎಂಬ ಜರ್ಮನ್ ತಂಡ 1978-79ರಲ್ಲಿ ಬಸ್ಸು ಓಡಿಸಿಕೊಂಡು ಭಾರತಕ್ಕೆ ಬಂದಿತ್ತು. ಅದೂ ಈ ಕಾಲೇಜಿನವರ ಜೊತೆ ಒಂದು ಆಲ್ಬಂ ಮಾಡಿತು.

ಮರಿಯಾನೊ (1923–2009) ಜಾಝ್‌ನ ಚಾರ್ಲ್ಸ್ ಮಿಂಗಸ್ ಅಂಥವರ ಜೊತೆ ನುಡಿಸಿ ಪಳಗಿದವರು. ಜಾಝ್‌ನಲ್ಲಿ ಪಿಯಾನೊದ ಸ್ವರಮೇಳಗಳು ಬದಲಾಗುತ್ತ ಹೋದಂತೆ ವಾದಕನ ಕಲ್ಪನೆಗೆ ದಾರಿ ಸಿಗುತ್ತದೆ. ‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ, ಬೇಸ್ ಇಲ್ಲ, ತಂಬೂರಿಯ ಒಂದೇ ಶ್ರುತಿ. ದಾರಿ ರಾಗದೊಳಗೇ ಹುಡುಕಬೇಕು. ಅದಕ್ಕೆ ಅವರು ಸಿದ್ಧರಾಗಿಯೇ ಬಂದಿದ್ದರು: ನಾದಸ್ವರ ಕಲಿತಿದ್ದರು. ಗುಂಡಿ ಒತ್ತಿದರೆ ಒಂದೊಂದೇ ಸ್ವರ ಕೊಡುವ ವಾದ್ಯದಿಂದ ಗಮಕ ಹೊರಡಿಸುವುದು ತುಟಿ ಮತ್ತು ಉಸಿರಿನ ಕೆಲಸ.

ಇನ್ನು ತಾಳ. 1959ರಲ್ಲಿ ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ ಐದರ ಎಣಿಕೆಯಿಂದಲೇ ಜಾಝ್ ಲೋಕವನ್ನು ಬೆರಗುಗೊಳಿಸಿತ್ತು. ನಮ್ಮಲ್ಲಿ ಅದು ಖಂಡಚಾಪು. ಪಾಠಕ್ಕೆ ಹೋಗುವ ಮಕ್ಕಳೂ ತೊಡೆ ತಟ್ಟಿ ಎಣಿಸುತ್ತಾರೆ. ‘ತಕಿಟ ತಕಧಿಮಿ’ ಎಂದರೆ ಮಿಶ್ರದ ಏಳು ಸಿದ್ಧ. ಈ ಕೊನ್ನಕ್ಕೋಲಿನ ಜತಿಗಳನ್ನು ರಮಾಮಣಿ ಬಾಯಲ್ಲಿ ಹೇಳಿದರೆ ಲೆಕ್ಕ ಹಾಡಾಗುತ್ತದೆ.

ಪಶ್ಚಿಮದವರ ರುಚಿಗೆಂದು ಅವರು ರಾಗವನ್ನು ತೆಳು ಮಾಡಲಿಲ್ಲ, ಎಣಿಕೆಯನ್ನು ಸಡಿಲಿಸಲಿಲ್ಲ. ನನಗೆ ಅವರ ದೊಡ್ಡತನ ಕಾಣುವುದು ಅಲ್ಲೇ. ಈ ರಚನೆಗಳನ್ನು ಕನ್ನಡ ಲಿಪಿಯಲ್ಲಿ, ಸ್ವರ ಸಹಿತ ಅಚ್ಚಿನಲ್ಲಿ ನೋಡುವ ಆಸೆ ನನ್ನದು. ಪಿಳ್ಳಾರಿ ಗೀತೆ ಮುಗಿಸಿದ ನಮ್ಮೂರ ಮಕ್ಕಳ ಕೈಗೆ ಆ ಪುಸ್ತಕ ಸಿಗಬೇಕು.